ಕಳಿಸೋ ಮುಂಚೆ ಒಂದು ಕ್ಷಣ

2025ರ ಡಿಸೆಂಬರ್ 10ರಿಂದ ಆಸ್ಟ್ರೇಲಿಯಾದಲ್ಲಿ 16 ವರ್ಷ ತುಂಬದ ಮಕ್ಕಳು ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಸ್ನ್ಯಾಪ್‌ಚಾಟ್‌ನಂಥ ಕಡೆ ಖಾತೆ ಇಟ್ಟುಕೊಳ್ಳುವ ಹಾಗಿಲ್ಲ. ತಡೆಯುವ ಹೊಣೆ ಕಂಪನಿಗಳದ್ದು. 2024ರ ನವೆಂಬರ್‌ನಲ್ಲಿ ಅಲ್ಲಿನ ಸಂಸತ್ತು ಕಾನೂನು ಪಾಸು ಮಾಡಿತು, ಒಂದು ವರ್ಷದ ಮೇಲೆ ಅದು ಜಾರಿಗೆ ಬಂತು. ಆ ಸುದ್ದಿ ಓದಿದ ದಿನದಿಂದ ಹೋದಲ್ಲೆಲ್ಲ ಜನ ನನ್ನನ್ನ ಕೇಳೋದು ಒಂದೇ. "ಸಾರ್, ನಮ್ಮಲ್ಲೂ ಹಾಗೇ ಮಾಡಬಾರದಾ? ಮೊಬೈಲು ಬಂದಮೇಲೆ ಈ ಮಕ್ಕಳಿಗೆ ಅಂತಃಕರಣಾನೇ ಇಲ್ಲದ ಹಾಗಾಗಿದೆ."

ಬ್ಯಾನ್ ವಿಚಾರ ಆಮೇಲೆ ನೋಡೋಣ. ಮೊದಲು ಆ ಎರಡನೇ ಮಾತು ತಗೊಳ್ಳಿ. ಮೊಬೈಲು ಮಕ್ಕಳ ಅಂತಃಕರಣ ಒಣಗಿಸುತ್ತಾ? ಹಾಗಿದ್ರೆ ಅದೇ ಮೊಬೈಲಿನಿಂದ ಅಂತಃಕರಣ ಬೆಳೆಸೋಕೂ ಆಗುತ್ತಾ? ಈ ಪ್ರಶ್ನೆಗೆ ಒಂದು ಇತಿಹಾಸ ಇದೆ. ಬಹಳ ಹಳೆಯದೇನಲ್ಲ, ಹೆಚ್ಚು ಕಮ್ಮಿ ಹದಿನೈದು ವರ್ಷದ್ದು. ಅದರ ನಟ್ಟನಡುವೆ ನಿಂತಿರೋಳು 13 ವರ್ಷದ ಒಬ್ಬ ಹುಡುಗಿ.

ಪದದಿಂದಲೇ ಶುರು ಮಾಡ್ತೀನಿ. ಇಂಗ್ಲಿಷಿನ ಎಂಪಥಿ ಅನ್ನೋ ಪದಕ್ಕೆ ಇನ್ನೂ ನೂರಿಪ್ಪತ್ತು ವರ್ಷ ತುಂಬಿಲ್ಲ. 1909ರಲ್ಲಿ ಎಡ್ವರ್ಡ್ ಟಿಚೆನರ್ ಅನ್ನೋ ಮನಶ್ಶಾಸ್ತ್ರಜ್ಞ ಒಂದು ಜರ್ಮನ್ ಪದಕ್ಕೆ ಸಾಟಿಯಾಗಿ ಅದನ್ನು ಟಂಕಿಸಿದರು. ಇನ್ನೊಬ್ಬರ ಒಳಗೆ ಹೊಕ್ಕು ಅವರ ಹಾಗೆ ಅನುಭವಿಸೋದು ಅಂತ ಅರ್ಥ. ನಮಗೆ ಹೊಸ ಪದದ ಅಗತ್ಯ ಬೀಳಲಿಲ್ಲ. "ಅವನಿಗೆ ಅಂತಃಕರಣ ಇದೆ ಕಣಪ್ಪಾ" ಅಂತ ಊರಿನ ಅಜ್ಜಿಯೊಬ್ಬಳು ಹೇಳಿದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ.

ಆದರೆ ಅಮೆರಿಕದವರಿಗೆ ಎಲ್ಲವನ್ನೂ ಅಳೆಯೋ ಅಭ್ಯಾಸ. 2010ರ ಮೇ ತಿಂಗಳಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಾರಾ ಕಾನ್‌ರಾತ್ ಮತ್ತು ಅವರ ಸಂಗಡಿಗರು ಒಂದು ಲೆಕ್ಕ ಮುಂದಿಟ್ಟರು. 1979ರಿಂದ 2009ರವರೆಗೆ ನಡೆದಿದ್ದ 72 ಅಧ್ಯಯನಗಳನ್ನು ಒಟ್ಟುಗೂಡಿಸಿ, ಸುಮಾರು 14,000 ಕಾಲೇಜು ವಿದ್ಯಾರ್ಥಿಗಳ ಉತ್ತರಗಳನ್ನು ತೂಗಿ ನೋಡಿದ್ದರು. ಇಪ್ಪತ್ತು ಮೂವತ್ತು ವರ್ಷದ ಹಿಂದಿನ ವಿದ್ಯಾರ್ಥಿಗಳಿಗಿಂತ ಈಗಿನವರ ಎಂಪಥಿ ಶೇ. 40ರಷ್ಟು ಕಡಿಮೆ ಅಂತ ಬಂತು. ಅದರಲ್ಲೂ ಹೆಚ್ಚಿನ ಕುಸಿತ 2000ನೇ ಇಸವಿ ಆದಮೇಲೆ.

ಅಷ್ಟು ಸಾಕಾಯ್ತು. ಪತ್ರಿಕೆ, ಟೀವಿ ಎಲ್ಲ ಕಡೆ ಅದೇ ಸುದ್ದಿ. ಕಾರಣ ಇಂಥದ್ದೇ ಅಂತ ಆ ಅಧ್ಯಯನ ಸಾಬೀತು ಮಾಡಿರಲಿಲ್ಲ. ತಲೆಬರಹಕ್ಕೆ ಅಷ್ಟೆಲ್ಲ ತಾಳ್ಮೆ ಇರಲ್ಲ ನೋಡಿ. ಆರೋಪಿ ಸಿದ್ಧವಾಗೇ ಇದ್ದ, ಎಲ್ಲರ ಜೇಬಿನಲ್ಲೂ ಇದ್ದ. ಐಫೋನ್ ಮಾರುಕಟ್ಟೆಗೆ ಬಂದಿದ್ದೇ 2007ರಲ್ಲಿ, ಹೀಗಿರುವಾಗ 2000ದಿಂದ ಶುರುವಾದ ಕುಸಿತಕ್ಕೆ ಸ್ಮಾರ್ಟ್‌ಫೋನ್ ಹೇಗೆ ಹೊಣೆಯಾಗುತ್ತೆ ಅಂತ ಕೇಳಿದವರು ಕಮ್ಮಿ.

ಈಗ 2013ಕ್ಕೆ ಬನ್ನಿ.

ಆ ವರ್ಷದ ಜುಲೈ ಮಧ್ಯದಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆ ನಿಂತು ಹೋಯ್ತು. ಕೊನೆಯ ದಿನ ಜನ ಕ್ಯೂ ನಿಂತು, ನೆನಪಿಗಿರಲಿ ಅಂತ ಒಂದೊಂದು ತಂತಿ ಕಳಿಸಿದ್ದು ಟೀವಿಯಲ್ಲಿ ಬಂದಿತ್ತು, ನಿಮಗೂ ನೆನಪಿರಬಹುದು. ತಂತಿಗೆ ಪದಕ್ಕಿಷ್ಟು ಅಂತ ದುಡ್ಡು. ಫಾರಂ ತಗೊಂಡು, ಪೆನ್ನು ಹಿಡಿದು, ಇದು ಬೇಕಾ ಅದು ಬೇಕಾ ಅಂತ ಎರಡು ಪದ ಹೊಡೆದು ಹಾಕಿ, ಕೌಂಟರ್‌ವರೆಗೆ ನಡೆದು ಹೋಗೋಷ್ಟರಲ್ಲಿ ಬರೆದವನಿಗೆ ತಾನು ಬರೆದದ್ದನ್ನ ನಾಲ್ಕು ಸಲ ಓದೋಕೆ ಟೈಮ್ ಸಿಗ್ತಿತ್ತು. ಸಿಟ್ಟು ಇಳಿಯೋಕೆ ಅಷ್ಟು ಹೊತ್ತು ಸಾಕು. ಯಾರೂ ಬೇಕು ಅಂತ ಕೊಟ್ಟ ಸೌಲಭ್ಯ ಅಲ್ಲ ಅದು. ಆ ಸಲಕರಣೆ ನಿಧಾನವಾಗಿತ್ತು, ಹಾಗಾಗಿ ತಾನಾಗೇ ಸಿಗ್ತಿತ್ತು.

ಅದಾಗಿ ಎರಡೇ ತಿಂಗಳು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ 12 ವರ್ಷದ ಒಬ್ಬ ಹುಡುಗಿ ಜೀವ ಕಳೆದುಕೊಂಡಳು. ಬಹಳ ದಿನದಿಂದ ಓರಗೆಯ ಮಕ್ಕಳು ಆಕೆಯ ಫೋನಿಗೆ ಚುಚ್ಚುಮಾತಿನ ಮೆಸೇಜ್ ಕಳಿಸ್ತಿದ್ದರು ಅಂತ ಪೊಲೀಸರು ಹೇಳಿದರು. ಅಕ್ಟೋಬರ್‌ನಲ್ಲಿ ಇಬ್ಬರು ಹುಡುಗಿಯರನ್ನು ಬಂಧಿಸಿದರು. ಒಬ್ಬಳಿಗೆ 14, ಇನ್ನೊಬ್ಬಳಿಗೆ 12. ನವೆಂಬರ್‌ನಲ್ಲಿ ಆರೋಪ ಕೈಬಿಟ್ಟರು. ಸತ್ತ ಮಗುವಿನ ಹೆಸರು ಅಲ್ಲಿನ ಪತ್ರಿಕೆಗಳಲ್ಲೆಲ್ಲ ಬಂದಿದೆ. ನಾನಿಲ್ಲಿ ಬರೆಯೋದಿಲ್ಲ. ಯಾಕೆ ಅಂತ ಕೊನೆಗೆ ಹೇಳ್ತೀನಿ.

ಫ್ಲಾರಿಡಾದಿಂದ ಬಹಳ ದೂರ, ಇಲಿನಾಯ್ ರಾಜ್ಯದ ನೇಪರ್‌ವಿಲ್ ಅನ್ನೋ ಊರಲ್ಲಿ ಭಾರತೀಯ ಮೂಲದ ಒಬ್ಬ ಹುಡುಗಿ ಸ್ಕೂಲಿನಿಂದ ಮನೆಗೆ ಬಂದು ಆ ಸುದ್ದಿ ಓದಿದಳು. ಹೆಸರು ತ್ರಿಶಾ ಪ್ರಭು. ವಯಸ್ಸು 13. ಸತ್ತವಳಿಗಿಂತ ಒಂದೇ ವರ್ಷ ದೊಡ್ಡವಳು. ಸುದ್ದಿ ಓದಿದ ದೊಡ್ಡವರೆಲ್ಲ ಕೇಳಿದ್ದು ಎರಡು ಪ್ರಶ್ನೆ: ಇದಕ್ಕೆ ಯಾರನ್ನ ಶಿಕ್ಷಿಸಬೇಕು? ಹಿಂಸೆ ಅನುಭವಿಸಿದ ಮಗು ಯಾಕೆ ಯಾರಿಗೂ ಹೇಳಲಿಲ್ಲ? ತ್ರಿಶಾ ನೋಡಿದ್ದು ಮೆಸೇಜ್ ಟೈಪ್ ಮಾಡೋ ಕೈಯನ್ನ. ಆ ಮೆಸೇಜ್ ಹೊರಡೋ ಮುಂಚೇನೇ ನಿಂತಿದ್ದರೆ? ಬರೆಯೋ ಮಗುವಿಗೇ ಒಂದು ಕ್ಷಣ ಸಿಕ್ಕಿದ್ದರೆ?

ಅವಳು ಇದನ್ನು ಭಾಷಣ ಮಾಡಲಿಲ್ಲ, ಪ್ರಯೋಗ ಮಾಡಿದಳು. ಎರಡು ತಂತ್ರಾಂಶ ಬರೆದಳು. ಒಂದರಲ್ಲಿ ನೋಯಿಸುವಂಥ ಮೆಸೇಜ್ ತೋರಿಸಿ, ಇದನ್ನು ಹಾಕ್ತೀಯಾ ಅಂತಷ್ಟೇ ಕೇಳೋದು. ಇನ್ನೊಂದರಲ್ಲಿ ಹಾಕ್ತೀನಿ ಅಂದವರಿಗೆ ಇನ್ನೊಂದು ಮಾತು ಕಾಣಿಸೋದು: ಇದರಿಂದ ಇನ್ನೊಬ್ಬರಿಗೆ ನೋವಾಗಬಹುದು, ನಿಜವಾಗಲೂ ಹಾಕಬೇಕಾ? ಹದಿಹರೆಯದ ಮಕ್ಕಳನ್ನು ಕೂರಿಸಿ ಒಟ್ಟು 1,500 ಸಲ ಪರೀಕ್ಷೆ ಮಾಡಿದಳು. ಎಚ್ಚರಿಕೆ ಇಲ್ಲದಿದ್ದಾಗ 100ಕ್ಕೆ 71 ಸಲ ಹಾಕೋಕೆ ತಯಾರಿದ್ದರು. ಎಚ್ಚರಿಕೆ ಬಂದಾಗ ಅದು 100ಕ್ಕೆ 4ರ ಆಸುಪಾಸಿಗೆ ಇಳಿಯಿತು. ಅಂದರೆ ಮನಸ್ಸು ಬದಲಾಯಿಸಿದವರು ಶೇ. 93. 2014ರಲ್ಲಿ ಈ ಕೆಲಸ ಗೂಗಲ್ ಸೈನ್ಸ್ ಫೇರ್‌ನ ಅಂತಿಮ ಸುತ್ತಿಗೆ ಹೋಯಿತು. ಆಮೇಲೆ ಇದೇ ರೀಥಿಂಕ್ ಅನ್ನೋ ಆ್ಯಪ್ ಆಯಿತು. ಫೋನಿನ ಕೀಬೋರ್ಡಿನಲ್ಲೇ ಅದು ಕೂತಿರುತ್ತೆ. ಯಾವ ಆ್ಯಪ್‌ನಲ್ಲೇ ಬರೆಯಲಿ, ನೋಯಿಸೋ ಪದ ಕಂಡರೆ ಅಲ್ಲೇ ತಡೆದು ಕೇಳುತ್ತೆ.

ಈ ಒಂದು ಪ್ರಶ್ನೆಗೆ ಅಷ್ಟು ಶಕ್ತಿ ಎಲ್ಲಿಂದ ಬಂತು? ಎರಡು ಕಾರಣ. ಮೊದಲನೆಯದು ವಯಸ್ಸು. ದುಡುಕಿಗೆ ಕಡಿವಾಣ ಹಾಕೋ ಮಿದುಳಿನ ಮುಂಭಾಗ ಪೂರ್ತಿ ಮಾಗೋಕೆ ಇಪ್ಪತ್ತೈದರ ಹತ್ತಿರ ಹತ್ತಿರ ಆಗಬೇಕು. ಎರಡನೆಯದು ಪರದೆ. 2004ರಲ್ಲೇ ಜಾನ್ ಸುಲರ್ ಅನ್ನೋ ಮನಶ್ಶಾಸ್ತ್ರಜ್ಞ ಇದನ್ನು ವಿವರಿಸಿದ್ದರು. ಎದುರಿಗೆ ಮುಖ ಇಲ್ಲದಾಗ ಮನುಷ್ಯನ ಸಂಕೋಚ ಸಡಿಲ ಆಗುತ್ತೆ. ಕ್ಲಾಸಿನಲ್ಲಿ "ಡುಮ್ಮಿ" ಅಂದರೆ ಆ ಹುಡುಗಿಯ ಕಣ್ಣು ತುಂಬೋದು ಕಾಣುತ್ತೆ. ಅಂದವನ ಬಾಯಿ ಅಲ್ಲಿಗೆ ನಿಲ್ಲುತ್ತೆ, ನಿಲ್ಲದಿದ್ದರೆ ಪಕ್ಕದಲ್ಲಿರೋನು "ಸಾಕು ಬಿಡೋ" ಅಂತಾನೆ. ಫೋನಿನಲ್ಲಿ ಕಣ್ಣೂ ಇಲ್ಲ, ಪಕ್ಕದವನೂ ಇಲ್ಲ. ತ್ರಿಶಾಳ ಎಚ್ಚರಿಕೆ ಮಾಡಿದ್ದು ಆ ಪಕ್ಕದವನ ಕೆಲಸ.

ನಿಲ್ಲಿಸಿ ಕೇಳೋ ಉಪಾಯ ಅವಳಿಗಿಂತ ಮುಂಚೆ ಇರಲೇ ಇಲ್ಲ ಅಂತಲ್ಲ. 2008ರಲ್ಲಿ ಗೂಗಲ್‌ನವರು ಜಿಮೇಲ್‌ನಲ್ಲಿ ಮೇಲ್ ಗಾಗಲ್ಸ್ ಅಂತ ಒಂದು ತಮಾಷೆ ತಂದಿದ್ದರು. ವಾರಾಂತ್ಯದ ರಾತ್ರಿ ಇಮೇಲ್ ಕಳಿಸೋಕೆ ಹೋದರೆ ಮೊದಲು ಕೂಡೋ ಕಳೆಯೋ ಲೆಕ್ಕ ಮಾಡು ಅನ್ನೋದು. ಕುಡಿದ ಮತ್ತಿನಲ್ಲಿ ಬಾಸ್‌ಗೋ ಹಳೇ ಪ್ರೇಯಸಿಗೋ ಏನೇನೋ ಬರೆದು ಬೆಳಿಗ್ಗೆ ತಲೆ ಚಚ್ಚಿಕೊಳ್ಳಬಾರದು ಅಂತ. 2009ರಲ್ಲಿ ಕಳಿಸಿದ ಇಮೇಲನ್ನು ಕೆಲವೇ ಸೆಕೆಂಡ್ ಒಳಗೆ ವಾಪಸ್ ಪಡೆಯೋ ಬಟನ್ ಬಂತು. ವ್ಯತ್ಯಾಸ ಗಮನಿಸಿ. ದೊಡ್ಡವರಿಗೆ ಮಾಡಿದ ಉಪಾಯದಲ್ಲಿ ಪ್ರಶ್ನೆ, ಇದರಿಂದ ನಿನಗೇನಾಗುತ್ತೆ? 13ರ ಹುಡುಗಿ ಮಾಡಿದ್ದರಲ್ಲಿ ಪ್ರಶ್ನೆ, ಇದರಿಂದ ಅವಳಿಗೇನಾಗುತ್ತೆ? ಅಂತಃಕರಣ ಅನ್ನೋದು ಶುರುವಾಗೋದೇ ಈ ಎರಡನೇ ಪ್ರಶ್ನೆಯಿಂದ.

ದೊಡ್ಡ ಕಂಪನಿಗಳು ಈ ದಾರಿಗೆ ಬರೋಕೆ ಇನ್ನೂ ಕೆಲವು ವರ್ಷ ಹಿಡಿಯಿತು. 2019ರ ಜುಲೈನಲ್ಲಿ ಇನ್‌ಸ್ಟಾಗ್ರಾಂ, ಕೆಟ್ಟ ಕಮೆಂಟ್ ಹಾಕೋಕೆ ಹೊರಟವರಿಗೆ "ಖಂಡಿತ ಹಾಕಬೇಕಾ?" ಅಂತ ಕೇಳೋ ಸೌಲಭ್ಯ ತಂದಿತು. 2020ರಲ್ಲಿ ಟ್ವಿಟರ್ ಇದನ್ನೇ ಪರೀಕ್ಷೆ ಮಾಡಿ, 2021ರ ಮೇ ತಿಂಗಳಲ್ಲಿ ಇಂಗ್ಲಿಷ್ ಬಳಕೆದಾರರಿಗೆ ಕೊಟ್ಟಿತು. ತನ್ನ ಲೆಕ್ಕ ಏನು ಬಂತು ಅಂತಲೂ ಹೇಳಿತು. ಎಚ್ಚರಿಕೆ ಕಂಡವರಲ್ಲಿ ಶೇ. 34 ಮಂದಿ ಮಾತು ತಿದ್ದಿದರು, ಇಲ್ಲಾ ಕಳಿಸೋದೇ ಬಿಟ್ಟರು. ಒಂದು ಸಲ ಎಚ್ಚರಿಕೆ ಕಂಡವರು ಆಮೇಲಿನ ದಿನಗಳಲ್ಲಿ ಸರಾಸರಿ ಶೇ. 11ರಷ್ಟು ಕಡಿಮೆ ಕೆಟ್ಟ ಉತ್ತರ ಬರೆದರು.

ಈಗ ಅಂಕಿ ಅಕ್ಕಪಕ್ಕ ಇಡಿ. ಹುಡುಗಿಯ ಪ್ರಯೋಗದಲ್ಲಿ 93. ಬೀದಿಗೆ ಬಂದಾಗ 34. ಯಾಕೆ? ಪ್ರಯೋಗದಲ್ಲಿ ಮೆಸೇಜ್ ಬೇರೆಯವರು ಬರೆದಿಟ್ಟದ್ದು, ಮಕ್ಕಳಿಗೆ ಯಾರ ಮೇಲೂ ನಿಜವಾದ ಸಿಟ್ಟಿರಲಿಲ್ಲ. ನೋಡೋಕೆ ಪಕ್ಕದಲ್ಲಿ ಯಾರೋ ಇದ್ದಾರೆ ಅನ್ನೋ ಅರಿವೂ ಇತ್ತು. ಬೀದಿಯಲ್ಲಿ ಸಿಟ್ಟು ನಿಜ, ಬರೆಯೋರೂ ಮಕ್ಕಳಷ್ಟೇ ಅಲ್ಲ. ಹಾಗಾಗಿ 93 ಅನ್ನೋದನ್ನ ಹಿಡ್ಕೊಂಡು ಆ್ಯಪ್ ಹಾಕಿಕೊಟ್ಟರೆ ಮಗ ಬುದ್ಧನಾಗ್ತಾನೆ ಅಂದ್ಕೋಬೇಡಿ. ಆದರೆ 34 ಸಣ್ಣ ಸಂಖ್ಯೆನಾ? ಯಾರೂ ಗದರಿಸಲಿಲ್ಲ, ದಂಡ ಹಾಕಲಿಲ್ಲ, ಖಾತೆ ಮುಚ್ಚಲಿಲ್ಲ. ಒಂದು ಪ್ರಶ್ನೆ ಕೇಳಿದ್ದಷ್ಟಕ್ಕೇ ಮೂವರಲ್ಲಿ ಒಬ್ಬ ತನ್ನ ಮಾತು ವಾಪಸ್ ತಗೊಂಡ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಆ 11. ಎಚ್ಚರಿಕೆ ಕಾಣಿಸದೇ ಇದ್ದಾಗಲೂ ಅವರ ಮಾತು ಸ್ವಲ್ಪ ಬದಲಾಗಿತ್ತು.

ಉಪದೇಶದ ಮೆಸೇಜ್ ಕಳಿಸಿದರೆ ಆಗಲ್ವಾ ಅಂತ ಕೇಳಬಹುದು. ಅದನ್ನೂ ಮಾಡಿ ನೋಡಿದ್ದಾರೆ. ಎಂಪಥಿ ಕುಸಿದಿದೆ ಅಂತ ಲೆಕ್ಕ ಕೊಟ್ಟ ಅದೇ ಸಾರಾ ಕಾನ್‌ರಾತ್, ವಿದ್ಯಾರ್ಥಿಗಳ ಫೋನಿಗೆ ಎರಡು ವಾರ ಎಂಪಥಿ ಬೆಳೆಸೋ ಮೆಸೇಜ್‌ಗಳನ್ನು ಕಳಿಸಿ ನೋಡಿದರು. 2015ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಕೆಲವು ಅಳತೆಗಳಲ್ಲಿ ಒಳ್ಳೆಯ ಬದಲಾವಣೆ ಕಂಡಿತು, ಕೆಲವದರಲ್ಲಿ ಕಾಣಲಿಲ್ಲ. ದಿನಾ ಬೆಳಿಗ್ಗೆ ಸೂರ್ಯೋದಯದ ಫೋಟೋ ಜೊತೆ ಸುವಿಚಾರ ಪಡೆಯೋ ನಮಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ.

ಇನ್ನು ಯಂತ್ರದ ಮಿತಿ. ನಮ್ಮ ಮಕ್ಕಳು ಬರೆಯೋದು ಕನ್ನಡ, ಅಕ್ಷರ ಇಂಗ್ಲಿಷಿನದು. "ಎಮ್ಮೆ" ಅಂತ ಬರೆದರೆ ಅದು ಹಾಲು ಕರೆಯೋ ಎಮ್ಮೆಯೋ, ಕ್ಲಾಸಿನ ಹುಡುಗಿಯೋ? "ಕರಿಯ" ಅಂದರೆ ಪ್ರೀತಿಯಿಂದ ಕರೆದ ಹೆಸರೋ, ಬಣ್ಣ ಆಡಿಕೊಂಡದ್ದೋ? ಗ್ರೂಪಿನಲ್ಲಿರೋ ಮಕ್ಕಳಿಗೆ ಗೊತ್ತು, ಯಂತ್ರಕ್ಕೆ ಕಷ್ಟ. ಮತ್ತೆ ಕೆಟ್ಟ ಪದವೇ ಇಲ್ಲದೆ ನೋಯಿಸೋಕೂ ಆಗುತ್ತೆ. ಹತ್ತು ಜನರ ಗ್ರೂಪಿನಿಂದ ಒಬ್ಬಳನ್ನ ತೆಗೆದು ಹಾಕೋಕೆ ಯಾವ ಬೈಗುಳಾನೂ ಬೇಕಿಲ್ಲ.

ಇನ್ನೊಂದು ಕಥೆ ಹೇಳದೆ ಈ ಇತಿಹಾಸ ಪೂರ್ತಿ ಆಗಲ್ಲ. ಅದೂ 2013ರದ್ದೇ. ಅಮೆರಿಕದಲ್ಲಿ ಡು ಸಮ್‌ಥಿಂಗ್ ಅನ್ನೋ ಯುವಜನರ ಸಂಸ್ಥೆ ಇತ್ತು. ಹಳೇ ಜೀನ್ಸ್ ದಾನ ಮಾಡಿ, ಅದು ಮಾಡಿ ಇದು ಮಾಡಿ ಅಂತ ಹದಿಹರೆಯದವರಿಗೆ ಎಸ್‌ಎಂಎಸ್ ಕಳಿಸೋದು ಅದರ ಕೆಲಸ. ಆ ಎಸ್‌ಎಂಎಸ್‌ಗಳಿಗೆ ಸಂಬಂಧವೇ ಇಲ್ಲದ ಉತ್ತರ ಬರೋಕೆ ಶುರುವಾದವು. ಸ್ಕೂಲಲ್ಲಿ ಹೊಡೀತಾರೆ, ಮನೆಯಲ್ಲಿ ಹಿಂಸೆ, ಬದುಕೋದು ಬೇಡ ಅನ್ನಿಸ್ತಿದೆ. ಬಾಯಿಬಿಟ್ಟು ಯಾರಿಗೂ ಹೇಳಲಾಗದ್ದನ್ನ ಮಕ್ಕಳು ಗುರುತಿಲ್ಲದ ನಂಬರಿಗೆ ಟೈಪ್ ಮಾಡ್ತಿದ್ದರು. ಸಂಸ್ಥೆಯ ಮುಖ್ಯಸ್ಥೆ ನ್ಯಾನ್ಸಿ ಲಬ್ಲಿನ್ ಅದಕ್ಕಾಗೇ 2013ರ ಆಗಸ್ಟ್‌ನಲ್ಲಿ ಕ್ರೈಸಿಸ್ ಟೆಕ್ಸ್ಟ್ ಲೈನ್ ಶುರು ಮಾಡಿದರು. ತರಬೇತಿ ಪಡೆದ ಸ್ವಯಂಸೇವಕರು ಮೆಸೇಜ್ ಮೂಲಕವೇ ಸಮಾಧಾನ ಹೇಳೋದು. ಮುಖ ಕಾಣದ ಪರದೆ ಒಬ್ಬರಿಗೆ ಚುಚ್ಚೋಕೆ ಧೈರ್ಯ ಕೊಟ್ಟ ಹಾಗೆ, ಇನ್ನೊಬ್ಬರಿಗೆ ಅಳೋಕೂ ಧೈರ್ಯ ಕೊಟ್ಟಿತ್ತು.

2022ರ ಜನವರಿಯಲ್ಲಿ ಬೇರೊಂದು ಸುದ್ದಿ ಹೊರಬಿತ್ತು. ಆ ಸಂಭಾಷಣೆಗಳ ಮಾಹಿತಿಯನ್ನು, ಹೆಸರು ಗುರುತು ತೆಗೆದು, ಲೋರಿಸ್ ಅನ್ನೋ ಲಾಭದ ಕಂಪನಿಯ ಜೊತೆ ಹಂಚಿಕೊಂಡಿದ್ದರು. ಆ ಕಂಪನಿ ಹುಟ್ಟಿದ್ದೇ ಈ ಸಂಸ್ಥೆಯಿಂದ. ಅದರ ವ್ಯಾಪಾರ ಏನು ಗೊತ್ತಾ? ಗ್ರಾಹಕರ ಜೊತೆ ಮೆತ್ತಗೆ ಮಾತಾಡೋದು ಹೇಗೆ ಅಂತ ಕಸ್ಟಮರ್ ಕೇರ್‌ನವರಿಗೆ ಹೇಳಿಕೊಡೋ ತಂತ್ರಾಂಶ. ಟೀಕೆ ಜೋರಾಯಿತು, ಕೆಲವೇ ದಿನದಲ್ಲಿ ಹಂಚಿಕೆ ನಿಲ್ಲಿಸಿದರು. ಅಂತಃಕರಣಕ್ಕೂ ಮಾರುಕಟ್ಟೆ ಇದೆ ಅನ್ನೋದು ಆವತ್ತು ಗೊತ್ತಾಯಿತು. ಮಗುವಿನ ಮನಸ್ಸು ಮುಟ್ಟೋ ಯಾವ ಆ್ಯಪ್ ಬಂದರೂ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಮಗು ಬರೆದದ್ದು ಯಾರ ಕೈಗೆ ಹೋಗುತ್ತೆ? ಅದೇ ವರ್ಷ ಅಕ್ಟೋಬರ್ 10ರಂದು ನಮ್ಮ ದೇಶದಲ್ಲಿ ಟೆಲಿ ಮಾನಸ್ ಶುರುವಾಯಿತು. ಅದರ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ಈ ನಂಬರನ್ನ ಫ್ರಿಜ್ ಮೇಲೆ ಬರೆದು ಅಂಟಿಸಿ.

ಶೇ. 40 ಕುಸಿತದ ಕಥೆ ಏನಾಯ್ತು ಅಂತ ಕೇಳ್ತೀರಾ? ಕಾನ್‌ರಾತ್ ಮತ್ತು ಸಂಗಡಿಗರು 2018ರವರೆಗಿನ ಅಂಕಿಅಂಶ ಸೇರಿಸಿ ಮತ್ತೆ ಲೆಕ್ಕ ಹಾಕಿದರು. 2008ರಿಂದೀಚೆಗೆ ಅಮೆರಿಕದ ಯುವಕರಲ್ಲಿ ಎಂಪಥಿ ಏರ್ತಾ ಬಂದಿದೆ ಅಂತ ಈ ಸಲ ಬಂತು. ಅಂದರೆ ಸ್ಮಾರ್ಟ್‌ಫೋನ್ ಎಲ್ಲರ ಕೈಗೆ ಬಂದ ಹತ್ತು ವರ್ಷದಲ್ಲೇ ಏರಿದೆ! ಫೋನಿನಿಂದಲೇ ಏರಿತು ಅಂತ ನಾನು ಹೇಳ್ತಿಲ್ಲ. ಹಾಗಂದರೆ 2010ರ ತಲೆಬರಹದವರು ಮಾಡಿದ್ದನ್ನೇ ನಾನೂ ತಿರುಗಿಸಿ ಮಾಡಿದ ಹಾಗಾಗುತ್ತೆ. ಆದರೆ "ಈಗಿನ ಮಕ್ಕಳಿಗೆ ಅಂತಃಕರಣ ಇಲ್ಲ" ಅನ್ನೋ ಮಾತನ್ನ ಇನ್ನು ಮುಂದೆ ಅಷ್ಟು ಸಲೀಸಾಗಿ ಆಡೋ ಹಾಗಿಲ್ಲ. ಕುಸಿದ ಸುದ್ದಿಗೆ ಸಿಕ್ಕ ಜಾಗ ಏರಿದ ಸುದ್ದಿಗೆ ಸಿಗಲಿಲ್ಲ, ಅದು ನಮ್ಮ ವೃತ್ತಿಯ ಸಮಾಚಾರ.

ವೃತ್ತಿಯ ಮಾತು ಬಂತು. ಆ ಮಗುವಿನ ಹೆಸರು ಯಾಕೆ ಬರೆಯಲಿಲ್ಲ ಅಂತ ಈಗ ಹೇಳ್ತೀನಿ. 2015ರ ಮಕ್ಕಳ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ, ದೌರ್ಜನ್ಯಕ್ಕೆ ಒಳಗಾದ ಮಗುವಿನದ್ದಾಗಲಿ, ಆರೋಪ ಹೊತ್ತ ಮಗುವಿನದ್ದಾಗಲಿ ಹೆಸರು, ವಿಳಾಸ, ಶಾಲೆ ಯಾವುದನ್ನೂ ಮಾಧ್ಯಮಗಳು ಬಹಿರಂಗ ಮಾಡುವ ಹಾಗಿಲ್ಲ. ಮಾಡಿದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ. ಫ್ಲಾರಿಡಾಗೆ ನಮ್ಮ ಕಾಯ್ದೆ ಅನ್ವಯಿಸಲ್ಲ, ಗೊತ್ತು. ಆದರೆ ಅಭ್ಯಾಸ ಆಗಿಬಿಟ್ಟಿದೆ. ಸುದ್ದಿ ಎಷ್ಟೇ ಬಿಸಿ ಇರಲಿ, ಪಕ್ಕದ ಚಾನೆಲ್ ಹಾಕೇ ಬಿಟ್ಟಿರಲಿ, ಪರದೆಗೆ ಹೋಗೋ ಮುಂಚೆ ಡೆಸ್ಕಿನಲ್ಲಿ ಯಾರಾದರೂ ಒಬ್ಬರು ಕೇಳಲೇಬೇಕು: "ಮಗು ಗುರುತು ಸಿಗುತ್ತಾ?" ಮೊದಮೊದಲು ಜೈಲಿನ ಭಯಕ್ಕೆ ಕೇಳ್ತಾರೆ. ಕೇಳಿ ಕೇಳಿ ಕೆಲವು ವರ್ಷ ಆದಮೇಲೆ ಆ ಮಗುವಿಗೋಸ್ಕರ ಕೇಳ್ತಾರೆ. ನಾನು ನನ್ನ ಸಹೋದ್ಯೋಗಿಗಳಲ್ಲಿ ಕಣ್ಣಾರೆ ನೋಡಿದ ಬದಲಾವಣೆ ಇದು. ಹಾಗಾಗಿ ಟ್ವಿಟರ್‌ನ ಆ 11 ನನಗೆ ಅರ್ಥ ಆಗುತ್ತೆ.

ನಿಮ್ಮ ಮನೆಯ 13 ವರ್ಷದ ಹುಡುಗ ಇವತ್ತು ತಾನೇ ಒಂದು ಚಾನೆಲ್. ವರದಿಗಾರ ಅವನೇ, ಕ್ಯಾಮೆರಾಮನ್ ಅವನೇ, ಆಂಕರ್ ಅವನೇ. ಡೆಸ್ಕ್ ಮಾತ್ರ ಇಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನಮ್ಮ ಹಿರಿಯರು ಹೇಳ್ತಿದ್ದ ಕಾಲದಲ್ಲಿ ಆಡಿದ ಮಾತು ನಾಲ್ಕು ಜನಕ್ಕೆ ಕೇಳಿ ಗಾಳಿಗೆ ಹೋಗ್ತಿತ್ತು. ಈಗ ಸ್ಕ್ರೀನ್‌ಶಾಟ್ ಆಗಿ ವರ್ಷಗಟ್ಟಲೆ ಉಳಿಯುತ್ತೆ.

ಬ್ಯಾನ್ ಬೇಕೋ ಬೇಡವೋ ಸರ್ಕಾರಗಳು ತೀರ್ಮಾನಿಸಲಿ. 16ರವರೆಗೆ ಫೋನಿನಿಂದ ದೂರ ಇಟ್ಟಿರಿ ಅಂತಲೇ ಇಟ್ಕೊಳ್ಳಿ. 16 ತುಂಬಿದ ಮಾರನೇ ದಿನ ಫೋನು ಕೈಗೆ ಬಂದೇ ಬರುತ್ತೆ. ಆವತ್ತು ಬೆರಳು ಆ ಬಟನ್ ಮೇಲೆ ಹೋದಾಗ ಒಂದು ಕ್ಷಣ ನಿಲ್ಲೋದು ಅವನಿಗೆ ಯಾರು ಕಲಿಸಿರ್ತಾರೆ? ರೀಥಿಂಕ್‌ನಂಥ ಆ್ಯಪ್ ಹಾಕಿ, ತಪ್ಪಿಲ್ಲ. ಕನ್ನಡ ಅರ್ಥ ಆಗೋ ಅಂಥದ್ದನ್ನ ನಮ್ಮ ಬೆಂಗಳೂರಿನ ಇಂಜಿನಿಯರುಗಳು ಮಾಡಲಿ, ಇನ್ನೂ ಒಳ್ಳೆಯದು. ಅದಕ್ಕಿಂತ ಮುಂಚೆ, ನಿಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ನಾದಿನಿಯ ಮೈಕಟ್ಟಿನ ಮೇಲೆ, ಪಕ್ಕದ ಮನೆಯವರ ಜಾತಿಯ ಮೇಲೆ ಒಂದು ಜೋಕ್ ಬಂದಾಗ ನೀವು ಅದನ್ನ ಮುಂದಕ್ಕೆ ಕಳಿಸ್ತೀರಾ, ನಿಲ್ಲಿಸ್ತೀರಾ ಅನ್ನೋದನ್ನ ಮಗ ಸೋಫಾದ ಇನ್ನೊಂದು ತುದಿಯಿಂದ ನೋಡ್ತಿರ್ತಾನೆ.